ಜೂಲಿಯಾಳ ಬಿಳಿ ಸಮವಸ್ತ್ರ

1968ರ ಸೆಪ್ಟೆಂಬರ್ 17, ಮಂಗಳವಾರ ರಾತ್ರಿ. ಅಮೆರಿಕದ ಎನ್‌ಬಿಸಿ ಟೆಲಿವಿಷನ್ ಜಾಲದಲ್ಲಿ ಅರ್ಧ ಗಂಟೆಯ ಹೊಸ ಹಾಸ್ಯ ಧಾರಾವಾಹಿಯೊಂದು ಆರಂಭವಾಯಿತು. ಹೆಸರು ‘ಜೂಲಿಯಾ’. ಕಥೆಯಲ್ಲಿ ಅಂಥ ವಿಶೇಷವೇನೂ ಇರಲಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಜೂಲಿಯಾ ಬೇಕರ್ ಎಂಬ ತರುಣಿ ತನ್ನ ಪುಟ್ಟ ಮಗನೊಂದಿಗೆ ಲಾಸ್ ಏಂಜಲಿಸ್‌ನಲ್ಲಿ ಬದುಕು ಕಟ್ಟಿಕೊಳ್ಳುತ್ತಾಳೆ. ದೊಡ್ಡ ಕಂಪೆನಿಯೊಂದರ ಚಿಕಿತ್ಸಾಲಯದಲ್ಲಿ ನರ್ಸ್ ಕೆಲಸಕ್ಕೆ ಅರ್ಜಿ ಹಾಕುತ್ತಾಳೆ. ಸಂದರ್ಶನಕ್ಕೆ ಹೋಗುವ ಮುನ್ನ ಅಲ್ಲಿನ ವೃದ್ಧ ವೈದ್ಯನಿಗೆ ಫೋನಿನಲ್ಲಿಯೇ ಒಂದು ಮಾತು ಹೇಳಿಬಿಡುತ್ತಾಳೆ: ತಾನು ಕಪ್ಪು ವರ್ಣದವಳು. ಆ ಮುಂಗೋಪಿ ವೈದ್ಯನಿಂದ ಬರುವುದು ಒಂದು ತುಂಟ ಮರುಪ್ರಶ್ನೆ. ಅವಳು ಹುಟ್ಟಿದಾಗಿನಿಂದಲೂ ಹಾಗೆಯೇ ಇದ್ದಾಳೆಯೇ, ಅಥವಾ ಈಗಿನ ಫ್ಯಾಷನ್ ಎಂದು ಹಾಗಾಗಿದ್ದಾಳೆಯೇ ಎಂದು ಆತ ಕೇಳುತ್ತಾನೆ.

ಪ್ರೇಕ್ಷಕರು ನಕ್ಕರು. ಆದರೆ ಆ ನಗೆಯ ಹಿಂದೆ ಅಮೆರಿಕದ ಟೆಲಿವಿಷನ್‌ನ ಒಂದು ದೀರ್ಘ ಮೌನ ಮುರಿದಿತ್ತು. ಧಾರಾವಾಹಿಯೊಂದರ ಮುಖ್ಯ ಪಾತ್ರದಲ್ಲಿ ಕಪ್ಪು ಮಹಿಳೆಯೊಬ್ಬಳು ಮನೆಗೆಲಸದವಳಾಗಿ ಅಲ್ಲದೆ, ಓದಿದ, ವೃತ್ತಿಯುಳ್ಳ, ಸ್ವಂತ ಮನೆವಾರ್ತೆ ನಡೆಸುವ ಹೆಂಗಸಾಗಿ ಕಾಣಿಸಿಕೊಂಡದ್ದು ಅದೇ ಮೊದಲು. ಆ ಪಾತ್ರ ವಹಿಸಿದವರು ಡಯಾನ್ ಕ್ಯಾರಲ್. ಆಗ ಅವರಿಗೆ 33 ವರ್ಷ.

ಒಬ್ಬ ನರ್ಸಿನ ಪಾತ್ರ ಇಷ್ಟು ದೊಡ್ಡ ಸುದ್ದಿಯಾಗಲು ಕಾರಣವೇನು? ‘ಮೊದಲಿಗರು’ ಎನ್ನಿಸಿಕೊಂಡದ್ದಕ್ಕೆ ಈ ಕಲಾವಿದೆ ತೆತ್ತ ಬೆಲೆ ಏನು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ಒಬ್ಬ ನಟಿಯ ಬದುಕಿನ ಜೊತೆಗೆ ಒಂದು ದೇಶದ ಮನಸ್ಸಿನ ಚರಿತ್ರೆಯೂ ಸಿಗುತ್ತದೆ.

ಹಾರ್ಲೆಮ್‌ನ ಹುಡುಗಿ

ಡಯಾನ್ ಕ್ಯಾರಲ್ ಹುಟ್ಟಿದ್ದು 1935ರ ಜುಲೈ 17ರಂದು, ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ. ತಂದೆ ತಾಯಿ ಇಟ್ಟ ಹೆಸರು ಕ್ಯಾರಲ್ ಡಯಾನ್ ಜಾನ್ಸನ್. ತಂದೆ ನಗರದ ಸುರಂಗ ರೈಲಿನಲ್ಲಿ ಕಂಡಕ್ಟರ್, ತಾಯಿ ನರ್ಸ್. ಬೆಳೆದದ್ದು ಕಪ್ಪು ಜನರ ಸಾಂಸ್ಕೃತಿಕ ರಾಜಧಾನಿ ಎನ್ನಿಸಿಕೊಂಡ ಹಾರ್ಲೆಮ್‌ನಲ್ಲಿ. ಸಂಗೀತ ಮತ್ತು ಕಲೆಗೆಂದೇ ಮೀಸಲಾಗಿದ್ದ ನಗರದ ಪ್ರೌಢಶಾಲೆಯಲ್ಲಿ ಓದು. ಹದಿನೈದನೆಯ ವಯಸ್ಸಿಗೇ ಈಕೆ ‘ಎಬೋನಿ’ ಪತ್ರಿಕೆಗೆ ರೂಪದರ್ಶಿಯಾದರು.

‘ಎಬೋನಿ’ ಕಪ್ಪು ಓದುಗರಿಗಾಗಿಯೇ ಹೊರಬರುತ್ತಿದ್ದ ಸಚಿತ್ರ ಮಾಸಪತ್ರಿಕೆ. 1945ರಲ್ಲಿ ಆರಂಭವಾದ ಅದು ಬಿಳಿಯರ ಪತ್ರಿಕೆಗಳು ತೋರಿಸದಿದ್ದ ಜಗತ್ತನ್ನು ತೋರಿಸುತ್ತಿತ್ತು. ಕಪ್ಪು ವೈದ್ಯರು, ವಕೀಲರು, ವ್ಯಾಪಾರಿಗಳು, ಚೆಂದದ ಉಡುಪು ತೊಟ್ಟ ಕಪ್ಪು ಹೆಣ್ಣುಮಕ್ಕಳು ಅದರ ಪುಟಗಳಲ್ಲಿದ್ದರು. ಸೌಂದರ್ಯವೆಂದರೆ ಬಿಳಿಯ ಬಣ್ಣ ಎಂದೇ ನಂಬಿದ್ದ ಕಾಲದಲ್ಲಿ ಕಪ್ಪು ರೂಪದರ್ಶಿಗೆ ಅಂಥ ಪತ್ರಿಕೆಗಳ ಹೊರಗೆ ಹೆಚ್ಚಿನ ಕೆಲಸವಿರಲಿಲ್ಲ.

ಮಗಳು ಕಾಲೇಜು ಓದಬೇಕೆಂಬುದು ಮನೆಯವರ ಆಸೆ. ಅದರಂತೆ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರಕ್ಕೆ ಸೇರಿದ್ದೂ ಆಯಿತು. ಆದರೆ ಟೆಲಿವಿಷನ್‌ನ ಪ್ರತಿಭಾ ಸ್ಪರ್ಧೆಯೊಂದರಲ್ಲಿ ಹಾಡಿ ಸಾವಿರ ಡಾಲರ್ ಬಹುಮಾನ ಗೆದ್ದ ಮೇಲೆ ದಾರಿ ಬದಲಾಯಿತು. ಗೆಲುವು ಒಂದೇ ವಾರಕ್ಕೆ ನಿಲ್ಲಲಿಲ್ಲ. ಮುಂದಿನ ವಾರಗಳಲ್ಲೂ ಅವರೇ ಗೆದ್ದರು. ಅದರ ಬೆನ್ನಿಗೇ ನ್ಯೂಯಾರ್ಕಿನ ಹೆಸರಾಂತ ನೈಟ್‌ಕ್ಲಬ್‌ಗಳಿಂದ ಹಾಡಲು ಕರೆ ಬಂತು. ಹೆಸರಿನ ಹಿಂದುಮುಂದನ್ನು ಅದಲು ಬದಲು ಮಾಡಿಕೊಂಡು, ಕಾಗುಣಿತಕ್ಕೆ ಸ್ವಲ್ಪ ಒನಪು ಕೊಟ್ಟು, ಕ್ಯಾರಲ್ ಡಯಾನ್ ಜಾನ್ಸನ್ ಎಂಬ ಹುಡುಗಿ ಡಯಾನ್ ಕ್ಯಾರಲ್ ಆದರು.

ಗಾಯಕಿಯ ತುಟಿ, ಬೇರೆಯವರ ದನಿ

1954 ಅವರ ಪಾಲಿಗೆ ಅದೃಷ್ಟದ ವರ್ಷ. ಆಟೋ ಪ್ರೆಮಿಂಜರ್ ನಿರ್ದೇಶಿಸಿದ ‘ಕಾರ್ಮೆನ್ ಜೋನ್ಸ್’ ಚಿತ್ರದಲ್ಲಿ ಸಣ್ಣ ಪಾತ್ರ ಸಿಕ್ಕಿತು. ಬಿಜೆಯ ಪ್ರಸಿದ್ಧ ‘ಕಾರ್ಮೆನ್’ ಒಪೆರಾವನ್ನು ಕಪ್ಪು ಅಮೆರಿಕನ್ನರ ಬದುಕಿಗೆ ಅಳವಡಿಸಿದ ಚಿತ್ರ ಅದು. ನಾಯಕಿ ಡೊರೊಥಿ ಡ್ಯಾಂಡ್ರಿಜ್ ಈ ಪಾತ್ರದಿಂದಾಗಿ ಆಸ್ಕರ್‌ನ ಶ್ರೇಷ್ಠ ನಟಿ ವಿಭಾಗಕ್ಕೆ ನಾಮಕರಣಗೊಂಡ ಮೊದಲ ಕಪ್ಪು ಮಹಿಳೆಯಾದರು. ಅದೇ ವರ್ಷದ ಡಿಸೆಂಬರ್ 30ರಂದು ‘ಹೌಸ್ ಆಫ್ ಫ್ಲವರ್ಸ್’ ಎಂಬ ಸಂಗೀತ ನಾಟಕದ ಮೂಲಕ ಕ್ಯಾರಲ್ ಬ್ರಾಡ್‌ವೇ ರಂಗಭೂಮಿಗೂ ಕಾಲಿಟ್ಟರು. ಕಥೆ ಟ್ರೂಮನ್ ಕಪೋಟಿಯದು, ಸಂಗೀತ ಹೆರಾಲ್ಡ್ ಆರ್ಲೆನ್‌ನದು. ನಾಟಕ ಬಹಳ ದಿನ ಓಡಲಿಲ್ಲ. ಹತ್ತೊಂಬತ್ತರ ಹುಡುಗಿಯ ಹಾಡು ಮಾತ್ರ ಕೇಳಿದವರ ಕಿವಿಯಲ್ಲಿ ಉಳಿಯಿತು.

ಇಲ್ಲೊಂದು ವಿಚಿತ್ರವಿದೆ. ರಂಗದ ಮೇಲೆ, ಕ್ಲಬ್ಬುಗಳಲ್ಲಿ ಹಾಡುಗಾರಿಕೆಯಿಂದಲೇ ಹೆಸರು ಮಾಡುತ್ತಿದ್ದ ಈ ಹುಡುಗಿಯ ದನಿಯನ್ನು ಹಾಲಿವುಡ್ ಬಳಸಿಕೊಳ್ಳಲಿಲ್ಲ. ‘ಕಾರ್ಮೆನ್ ಜೋನ್ಸ್’ ಚಿತ್ರದಲ್ಲಿ ಅವರ ಪಾತ್ರಕ್ಕೆ ಬೇರೊಬ್ಬರು ಹಾಡಿದರು. 1959ರ ‘ಪೋರ್ಗಿ ಅಂಡ್ ಬೆಸ್’ ಚಿತ್ರದಲ್ಲಿ ಗರ್ಷ್‌ವಿನ್ ರಚನೆಯ ಜಗತ್ಪ್ರಸಿದ್ಧ ಜೋಗುಳ ಬರುವುದು ಕ್ಯಾರಲ್ ಅವರ ಪಾತ್ರಕ್ಕೆ. ತೆರೆಯ ಮೇಲೆ ತುಟಿ ಆಡಿಸಿದವರು ಕ್ಯಾರಲ್. ಕೇಳಿಬಂದದ್ದು ಲೂಲಿ ಜೀನ್ ನಾರ್ಮನ್ ಎಂಬ ಬಿಳಿಯ ಗಾಯಕಿಯ ದನಿ. ಒಪೆರಾ ಶೈಲಿಯ ಎತ್ತರದ ಶ್ರುತಿಗೆ ಒಪೆರಾ ಕಂಠವೇ ಬೇಕು ಎಂಬ ನಿಲುವು ಅಂದಿನ ಚಿತ್ರತಯಾರಕರದು. ಇದೇ ಚಿತ್ರದಲ್ಲಿ ಸಿಡ್ನಿ ಪಾಟಿಯೇ, ಡ್ಯಾಂಡ್ರಿಜ್ ಅವರಿಗೂ ಬೇರೆಯವರೇ ಹಾಡಿದ್ದಾರೆ. ಕ್ಯಾರಲ್ ಇದಕ್ಕೆ ತಮ್ಮದೇ ರೀತಿಯ ಉತ್ತರ ಕೊಟ್ಟರು ಎನ್ನಬಹುದು. ಅದೇ 1959ರಲ್ಲಿ ಆಂಡ್ರೆ ಪ್ರೆವಿನ್ ಅವರ ಪುಟ್ಟ ಜಾಝ್ ತಂಡದೊಂದಿಗೆ ‘ಪೋರ್ಗಿ ಅಂಡ್ ಬೆಸ್’ ಗೀತೆಗಳನ್ನು ತಮ್ಮ ಸ್ವಂತ ದನಿಯಲ್ಲಿ ಹಾಡಿ ಧ್ವನಿಮುದ್ರಿಕೆ ಹೊರತಂದರು.

ಹೆಸರೆತ್ತದ ಬಣ್ಣ

ಬ್ರಾಡ್‌ವೇಯ ಸಂಗೀತ ನಾಟಕಗಳ ದೊರೆ ಎನ್ನಿಸಿಕೊಂಡಿದ್ದ ರಿಚರ್ಡ್ ರಾಜರ್ಸ್ ಬಹು ಕಾಲದಿಂದ ಈ ಗಾಯಕಿಯ ಮೇಲೆ ಕಣ್ಣಿಟ್ಟಿದ್ದರು. 1958ರ ‘ಫ್ಲವರ್ ಡ್ರಮ್ ಸಾಂಗ್’ ನಾಟಕಕ್ಕೆ ಅವರನ್ನು ತೆಗೆದುಕೊಳ್ಳುವ ಯೋಚನೆಯೂ ಇತ್ತು. ಆದರೆ ಅದು ಅಮೆರಿಕದಲ್ಲಿ ನೆಲೆಸಿದ ಚೀನೀಯರ ಕಥೆ. ಬಣ್ಣ ಹಚ್ಚಿ ಕ್ಯಾರಲ್ ಅವರನ್ನು ಚೀನೀ ಹೆಣ್ಣಾಗಿಸುವ ಪ್ರಯತ್ನ ಫಲಿಸಲಿಲ್ಲ. 1960ರಲ್ಲಿ ರಾಜರ್ಸ್ ಅವರ ದೀರ್ಘಕಾಲದ ಜೊತೆಗಾರ, ಗೀತರಚನಕಾರ ಆಸ್ಕರ್ ಹ್ಯಾಮರ್‌ಸ್ಟೀನ್ ತೀರಿಕೊಂಡರು. ಒಂಟಿಯಾದ ರಾಜರ್ಸ್ ಸಾಹಿತ್ಯವನ್ನೂ ತಾವೇ ಬರೆದು ಹೊಸ ನಾಟಕವೊಂದನ್ನು ಕಟ್ಟಲು ಹೊರಟಾಗ ಟೆಲಿವಿಷನ್‌ನಲ್ಲಿ ಹಾಡುತ್ತಿದ್ದ ಕ್ಯಾರಲ್ ಅವರ ಕಣ್ಣಿಗೆ ಬಿದ್ದರು. ಈ ಸಲ ಪಾತ್ರವನ್ನೇ ಆಕೆಗಾಗಿ ಸೃಷ್ಟಿಸಲಾಯಿತು.

ಹೀಗೆ 1962ರ ಮಾರ್ಚ್ 15ರಂದು ರಂಗಕ್ಕೆ ಬಂದದ್ದು ‘ನೋ ಸ್ಟ್ರಿಂಗ್ಸ್’. ಶೀರ್ಷಿಕೆಗೆ ಎರಡು ಅರ್ಥ. ಯಾವ ಕಟ್ಟುಪಾಡೂ ಇಲ್ಲದ ಪ್ರೇಮ ಎಂಬುದೊಂದು. ವಾದ್ಯವೃಂದದಲ್ಲಿ ಪಿಟೀಲಿನಂಥ ತಂತಿವಾದ್ಯಗಳಿಲ್ಲ ಎಂಬುದು ಮತ್ತೊಂದು. ಪ್ಯಾರಿಸ್‌ನಲ್ಲಿ ನೆಲೆಸಿದ ಅಮೆರಿಕದ ಫ್ಯಾಷನ್ ರೂಪದರ್ಶಿಯೊಬ್ಬಳು ಹಾಗೂ ಬರವಣಿಗೆ ಕೈಕೊಟ್ಟ ಬಿಳಿಯ ಲೇಖಕನೊಬ್ಬನ ಪ್ರೇಮಕಥೆ ಅದು. ಲೇಖಕನ ಪಾತ್ರ ರಿಚರ್ಡ್ ಕೈಲಿಯವರದು. ಕೊನೆಗೆ ಆತ ಅಮೆರಿಕಕ್ಕೆ, ತನ್ನ ಊರಿಗೆ ಮರಳುತ್ತಾನೆ. ಆಕೆ ಪ್ಯಾರಿಸ್‌ನಲ್ಲೇ ಉಳಿಯುತ್ತಾಳೆ.

ಏಕೆ ಉಳಿಯುತ್ತಾಳೆ? ನಾಟಕ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಾಯಕಿಯ ಬಣ್ಣದ ಬಗ್ಗೆ ನೇರವಾಗಿ ಒಂದು ಮಾತೂ ಅದರಲ್ಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅಂದು ಅಮೆರಿಕದ ಹಲವು ರಾಜ್ಯಗಳಲ್ಲಿ ಬಿಳಿಯರು ಕಪ್ಪು ಜನರನ್ನು ಮದುವೆಯಾಗುವುದು ಅಪರಾಧವಾಗಿತ್ತು. ಅಂಥ ಕಾನೂನುಗಳನ್ನು ಅಲ್ಲಿನ ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದು ನಾಟಕ ಬಂದು ಐದು ವರ್ಷಗಳಾದ ಮೇಲೆ, 1967ರಲ್ಲಿ. ಕಣ್ಣೆದುರಿಗೆ ನಿಂತ ಇಬ್ಬರನ್ನು ನೋಡಿದರೆ ಸಾಕು, ಕಥೆ ಏಕೆ ಹಾಗೆ ಮುಗಿಯಿತು ಎಂಬುದು ಪ್ರೇಕ್ಷಕರಿಗೆ ಅರ್ಥವಾಗುತ್ತಿತ್ತು.

‘ನೋ ಸ್ಟ್ರಿಂಗ್ಸ್’ 580 ಪ್ರದರ್ಶನ ಕಂಡಿತು. ಅಮೆರಿಕದ ರಂಗಭೂಮಿಯ ಅತ್ಯುನ್ನತ ಗೌರವವಾದ ಟೋನಿ ಪ್ರಶಸ್ತಿ 1962ರಲ್ಲಿ ಸಂಗೀತ ನಾಟಕದ ಶ್ರೇಷ್ಠ ನಟಿಗಾಗಿ ಕ್ಯಾರಲ್ ಅವರಿಗೆ ಬಂತು. ಅನ್ನಾ ಮರಿಯಾ ಆಲ್ಬರ್ಗೆಟ್ಟಿ ಅವರೊಂದಿಗೆ ಅದನ್ನು ಹಂಚಿಕೊಂಡರು. ಶ್ರೇಷ್ಠ ನಟಿ ವಿಭಾಗದಲ್ಲಿ ಟೋನಿ ಪಡೆದ ಮೊದಲ ಕಪ್ಪು ಮಹಿಳೆ ಅವರೇ.

ಆದರೆ ಚಪ್ಪಾಳೆಯ ಸದ್ದು ಅಡಗುವ ಮೊದಲೇ ಇನ್ನೊಂದು ಸುದ್ದಿ ಬಂತು. ನಾಟಕವನ್ನು ಸಿನಿಮಾ ಮಾಡುವ ಯೋಜನೆಯಲ್ಲಿ ನಾಯಕಿಯ ಪಾತ್ರಕ್ಕೆ ಹೆಸರು ಕೇಳಿಬಂದದ್ದು ಹಾಂಗ್‌ಕಾಂಗ್ ಮೂಲದ ತಾರೆ ನ್ಯಾನ್ಸಿ ಕ್ವಾನ್ ಅವರದು. ‘ಫ್ಲವರ್ ಡ್ರಮ್ ಸಾಂಗ್’ ಚಿತ್ರದಲ್ಲಿ ನಟಿಸಿ ಹೆಸರಾಗಿದ್ದವರೂ ಅವರೇ. ಚೀನೀ ಪಾತ್ರಕ್ಕೆ ಒಗ್ಗಲಿಲ್ಲವೆಂದು ಒಮ್ಮೆ ಬಿಟ್ಟುಹೋದ ಕ್ಯಾರಲ್, ಈಗ ತಮಗಾಗಿಯೇ ಬರೆದ ಪಾತ್ರವೂ ಕೈತಪ್ಪುವುದನ್ನು ಕಂಡರು. ಆ ಚಿತ್ರ ಕೊನೆಗೂ ತಯಾರಾಗಲಿಲ್ಲ. ನೋವು ಮಾತ್ರ ಉಳಿಯಿತು. ಮನರಂಜನಾ ಉದ್ಯಮದಲ್ಲಿನ ವರ್ಣಭೇದದ ಬಗ್ಗೆ ಅಮೆರಿಕದ ಸಂಸತ್ ಸಮಿತಿಯೊಂದು ಅದೇ ವರ್ಷ ನಡೆಸಿದ ವಿಚಾರಣೆಯಲ್ಲಿ ಕ್ಯಾರಲ್ ಸಾಕ್ಷ್ಯ ನುಡಿದರು. ಟೋನಿ ಗೆದ್ದ ನಟಿಯೇ ಕೆಲಸವಿಲ್ಲದ ಸ್ಥಿತಿಯನ್ನು ವಿವರಿಸಬೇಕಾಗಿ ಬಂದದ್ದು ಆ ಉದ್ಯಮದ ಮೇಲಿನ ದೊಡ್ಡ ಟೀಕೆಯಾಗಿತ್ತು.

ಜಾಹೀರಾತುದಾರರ ಭಯ

ಟೆಲಿವಿಷನ್‌ನ ಸ್ಥಿತಿ ಇದಕ್ಕಿಂತ ಕಠಿಣ. ಅಲ್ಲಿ ಕಾರ್ಯಕ್ರಮದ ಹಣೆಬರಹ ಬರೆಯುತ್ತಿದ್ದವರು ಜಾಹೀರಾತುದಾರರು. ಕಪ್ಪು ಕಲಾವಿದರಿಗೆ ಹೆಚ್ಚಿನ ಸ್ಥಾನ ಕೊಟ್ಟರೆ ದಕ್ಷಿಣದ ರಾಜ್ಯಗಳ ಬಿಳಿಯ ಗಿರಾಕಿಗಳು ಮುನಿಸಿಕೊಳ್ಳುತ್ತಾರೆ ಎಂಬುದು ಅವರ ಭಯ. ಜನಪ್ರಿಯತೆಯ ತುದಿಯಲ್ಲಿದ್ದ ಗಾಯಕ ನ್ಯಾಟ್ ಕಿಂಗ್ ಕೋಲ್ ಅವರ ಕಾರ್ಯಕ್ರಮ ರಾಷ್ಟ್ರಮಟ್ಟದ ಪ್ರಾಯೋಜಕರು ಸಿಗದೆ 1957ರಲ್ಲಿ ನಿಂತುಹೋಯಿತು. 1968ರ ಏಪ್ರಿಲ್‌ನಲ್ಲಿ ಪ್ರಸಾರವಾದ ವಿಶೇಷ ಕಾರ್ಯಕ್ರಮವೊಂದರಲ್ಲಿ ಬ್ರಿಟಿಷ್ ಗಾಯಕಿ ಪೆಟುಲಾ ಕ್ಲಾರ್ಕ್ ಹಾಡುತ್ತಾ ಹ್ಯಾರಿ ಬೆಲಫಾಂಟೆ ಅವರ ತೋಳು ಮುಟ್ಟಿದ್ದಕ್ಕೇ ಪ್ರಾಯೋಜಕ ಕಂಪೆನಿಯ ಪ್ರತಿನಿಧಿ ಆಕ್ಷೇಪ ಎತ್ತಿದ್ದ.

ಕಪ್ಪು ಮಹಿಳೆಯರು ತೆರೆಯ ಮೇಲೆ ಇರಲೇ ಇಲ್ಲವೆಂದಲ್ಲ. ಇದ್ದರು, ಅಡುಗೆಮನೆಯಲ್ಲಿ. ಹ್ಯಾಟಿ ಮೆಕ್‌ಡೇನಿಯಲ್ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆಯಾದದ್ದು ಮನೆಗೆಲಸದವಳ ಪಾತ್ರಕ್ಕಾಗಿ. 1950ರ ದಶಕದ ಆರಂಭದಲ್ಲಿ ಬಂದ ‘ಬ್ಯೂಲಾ’ ಧಾರಾವಾಹಿಯ ನಾಯಕಿ ಕಪ್ಪು ಹೆಂಗಸೇ; ಬಿಳಿಯರ ಮನೆಯ ಕೆಲಸದಾಕೆ. ಅವಳ ಜಾಣತನವೆಲ್ಲ ಯಜಮಾನರ ಸಂಸಾರದ ತೊಡಕುಗಳನ್ನು ಬಿಡಿಸುವುದಕ್ಕೇ ಖರ್ಚಾಗುತ್ತಿತ್ತು.

ಈ ಹಿನ್ನೆಲೆಯಲ್ಲಿ ನೋಡಿದರೆ ‘ಜೂಲಿಯಾ’ ಏಕೆ ಸುದ್ದಿಯಾಯಿತು ಎಂಬುದು ತಿಳಿಯುತ್ತದೆ. ಅದರ ಸೃಷ್ಟಿಕರ್ತ ಹಾಲ್ ಕ್ಯಾಂಟರ್ ಬಿಳಿಯ ಬರಹಗಾರ. ಕ್ಯಾರಲ್ ಈ ಪಾತ್ರಕ್ಕೆ ತೀರಾ ಬೆಡಗಿನವರು, ನೈಟ್‌ಕ್ಲಬ್ಬಿನ ತಾರೆಯನ್ನು ನರ್ಸ್ ಎಂದು ಜನ ಒಪ್ಪಲಾರರು ಎಂಬ ಅನುಮಾನ ಅವರಿಗಿತ್ತು. ಇದು ತಿಳಿದ ಕ್ಯಾರಲ್ ಉಡುಪು, ಕೇಶಾಲಂಕಾರ ಬದಲಿಸಿಕೊಂಡು ಭೇಟಿಗೆ ಹೋಗಿ ಪಾತ್ರವನ್ನು ಗಿಟ್ಟಿಸಿಕೊಂಡರು. ನರ್ಸಿನ ಮಗಳಿಗೆ ನರ್ಸಿನ ಬಿಳಿ ಸಮವಸ್ತ್ರ ಅಪರಿಚಿತವೇನೂ ಆಗಿರಲಿಲ್ಲ.

ಧಾರಾವಾಹಿ ಗೆಲ್ಲುವುದಿಲ್ಲ ಎಂದೇ ಹಲವರು ಎಣಿಸಿದ್ದರು. ಮೊದಲ ವರ್ಷವೇ ಅದು ದೇಶದ ಅತಿ ಹೆಚ್ಚು ವೀಕ್ಷಣೆಯ ಹತ್ತು ಕಾರ್ಯಕ್ರಮಗಳಲ್ಲಿ ಒಂದಾಯಿತು. ಕ್ಯಾರಲ್ ಅವರಿಗೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂತು. 1969ರಲ್ಲಿ ‘ಬಾರ್ಬಿ’ ಗೊಂಬೆಗಳ ತಯಾರಕ ಕಂಪೆನಿ ಮ್ಯಾಟೆಲ್ ‘ಜೂಲಿಯಾ’ ಗೊಂಬೆಯನ್ನು ಮಾರುಕಟ್ಟೆಗೆ ಬಿಟ್ಟಿತು. ನರ್ಸಿನ ಉಡುಪು ತೊಟ್ಟ ಕಪ್ಪು ಗೊಂಬೆ ಪುಟ್ಟ ಹುಡುಗಿಯರ ಕೈ ಸೇರಿತು.

ಎರಡು ಕಡೆಯ ಬೇಗೆ

ಆದರೆ ಆ ವರ್ಷ ಯಾವುದು? 1968. ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಗುಂಡಿಗೆ ಬಲಿಯಾಗಿದ್ದರು. ಹತ್ತಾರು ನಗರಗಳು ಹೊತ್ತಿ ಉರಿದಿದ್ದವು. ಆ ಹೊಗೆ ಇನ್ನೂ ಆರದಿರುವಾಗ ತೆರೆಯ ಮೇಲಿನ ಜೂಲಿಯಾ ಸುಸಜ್ಜಿತ ಫ್ಲ್ಯಾಟಿನಲ್ಲಿ, ಚೆಂದದ ಉಡುಪು ತೊಟ್ಟು, ಬಿಳಿಯ ನೆರೆಹೊರೆಯವರೊಂದಿಗೆ ನಗುನಗುತ್ತಾ ಇದ್ದಳು. ನರ್ಸಿನ ಸಂಬಳದಲ್ಲಿ ಇಷ್ಟೆಲ್ಲ ಹೇಗೆ ಎಂದು ಟೀಕಾಕಾರರು ಕೇಳಿದರು. ಕಪ್ಪು ಜನರ ಬಡತನ, ನಿರುದ್ಯೋಗ, ಪೊಲೀಸರ ಲಾಠಿ ಇವೆಲ್ಲ ಎಲ್ಲಿ ಎಂದರು. ಇನ್ನೂ ನೊಂದು ಕೇಳಿದ ಪ್ರಶ್ನೆ: ಮನೆಯಲ್ಲಿ ಗಂಡಸು ಏಕಿಲ್ಲ? ಕಪ್ಪು ಕುಟುಂಬವೆಂದರೆ ತಂದೆಯಿಲ್ಲದ ಕುಟುಂಬ ಎಂಬ ಹಳೆಯ ಮಾತನ್ನೇ ಇದು ಬಲಪಡಿಸುವುದಿಲ್ಲವೇ?

ಈ ಟೀಕೆಗಳಲ್ಲಿ ಹುರುಳಿರಲಿಲ್ಲ ಎನ್ನುವಂತಿಲ್ಲ. ಕ್ಯಾರಲ್ ಅವರೇ ಅದನ್ನು ಅಲ್ಲಗಳೆಯಲಿಲ್ಲ. ಜೂಲಿಯಾ ಬಿಳಿಯರಿಗೆ ಒಪ್ಪುವಂತೆ ಕಡೆದ ಪಾತ್ರ ಎಂದು ಆ ದಿನಗಳಲ್ಲೇ ಬಹಿರಂಗವಾಗಿ ಹೇಳಿದ್ದರು. ಚಿತ್ರಕಥೆಯಲ್ಲಿ ಸುಳ್ಳೆನಿಸಿದ ಕಡೆ ಬರಹಗಾರರೊಂದಿಗೆ ವಾದಿಸಿದರು. ಆದರೆ ಅವರ ವಾದಕ್ಕೂ ಒಂದು ತೂಕವಿತ್ತು. ಬಿಳಿಯರ ಹಾಸ್ಯ ಧಾರಾವಾಹಿಗಳು ಹತ್ತಾರು ಇದ್ದವು. ಒಂದರಲ್ಲಿ ಸಿರಿವಂತರು, ಇನ್ನೊಂದರಲ್ಲಿ ಬಡವರು, ಮತ್ತೊಂದರಲ್ಲಿ ಮಾಟಗಾತಿಯರು. ಯಾವುದಾದರೂ ಒಂದೇ ಧಾರಾವಾಹಿ ಬಿಳಿಯ ಜನಾಂಗದ ಪೂರ್ತಿ ಸತ್ಯ ಹೇಳಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಕಪ್ಪು ಮಹಿಳೆಗೆ ಇದ್ದದ್ದು ಒಂದೇ. ಆ ಒಂದರ ಮೇಲೆಯೇ ಇಡೀ ಜನಾಂಗದ ನಿರೀಕ್ಷೆಯ ಭಾರ ಬಿತ್ತು. ಇಪ್ಪತ್ತು ಧಾರಾವಾಹಿಗಳು ಹೊರಬೇಕಾದ ಹೊರೆಯನ್ನು ಒಬ್ಬ ನಟಿ ಮೂರು ವರ್ಷ ಹೊತ್ತರು. 86 ಕಂತುಗಳ ನಂತರ 1971ರ ಮಾರ್ಚ್‌ನಲ್ಲಿ ‘ಜೂಲಿಯಾ’ ಮುಗಿಯಿತು. ಬಿಡುಗಡೆ ಬಯಸಿದವರಲ್ಲಿ ಕ್ಯಾರಲ್ ಅವರೂ ಒಬ್ಬರು.

ಮತ್ತೆ ಹಾರ್ಲೆಮ್‌ಗೆ

ಟೀಕಾಕಾರರಿಗೆ ನಿಜವಾದ ಉತ್ತರ 1974ರಲ್ಲಿ ಬಂತು, ‘ಕ್ಲಾಡೀನ್’ ಚಿತ್ರದ ರೂಪದಲ್ಲಿ. ನಟ ಆಸಿ ಡೇವಿಸ್ ಮುಂತಾದವರು ಸೇರಿ ಕಟ್ಟಿದ, ಕಪ್ಪು ಜನರಿಗೂ ಪೋರ್ಟೊ ರಿಕೊ ಮೂಲದವರಿಗೂ ಚಿತ್ರೋದ್ಯಮದಲ್ಲಿ ತರಬೇತಿ, ಕೆಲಸ ಕೊಡಿಸುವ ಗುರಿಯಿದ್ದ ಸಂಸ್ಥೆಯ ಚಿತ್ರ ಅದು. ಮೊದಲು ಆಯ್ಕೆಯಾದವರು ನಟಿ ಡಯಾನಾ ಸ್ಯಾಂಡ್ಸ್. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಅವರು ತಮ್ಮಿಂದಾಗದು ಎಂದು ತಿಳಿದಾಗ ಸೂಚಿಸಿದ್ದು ಗೆಳತಿ ಕ್ಯಾರಲ್ ಹೆಸರನ್ನು. ಸ್ಯಾಂಡ್ಸ್ 1973ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು.

ಕ್ಲಾಡೀನ್ ಹಾರ್ಲೆಮ್‌ನ ಆರು ಮಕ್ಕಳ ತಾಯಿ. ಸರ್ಕಾರದ ಬಡವರ ಭತ್ಯೆಯಲ್ಲಿ ಹೊಟ್ಟೆ ತುಂಬದೆ, ಕದ್ದುಮುಚ್ಚಿ ಸಿರಿವಂತರ ಮನೆಗೆಲಸಕ್ಕೆ ಹೋಗುತ್ತಾಳೆ. ಭತ್ಯೆ ಕಚೇರಿಯ ಅಧಿಕಾರಿ ಬಂದರೆ ಮನೆಯ ಪಾತ್ರೆಪಗಡಗಳನ್ನೂ ಬಚ್ಚಿಡಬೇಕು. ಹೊಸದೇನಾದರೂ ಕಂಡರೆ ಅದನ್ನು ಆದಾಯವೆಂದು ಲೆಕ್ಕಹಾಕಿ ಭತ್ಯೆ ಕಡಿತ ಮಾಡುತ್ತಾರೆ. ಕಸ ಸಾಗಿಸುವ ಲಾರಿಯ ಕೆಲಸಗಾರನೊಬ್ಬನನ್ನು ಆಕೆ ಪ್ರೀತಿಸುತ್ತಾಳೆ. ಆದರೆ ಗಂಡಸೊಬ್ಬ ಮನೆ ಸೇರಿದರೆ ಮಕ್ಕಳ ಅನ್ನಕ್ಕೆ ಕುತ್ತು. ಆ ಪ್ರಿಯಕರನಾಗಿ ನಟಿಸಿದವರು ಜೇಮ್ಸ್ ಅರ್ಲ್ ಜೋನ್ಸ್. ಕಪ್ಪು ಮನೆಯಲ್ಲಿ ಗಂಡಸು ಏಕಿಲ್ಲ ಎಂಬ ಪ್ರಶ್ನೆಗೆ ‘ಜೂಲಿಯಾ’ ಯುದ್ಧವನ್ನು ಕಾರಣವಾಗಿ ತೋರಿಸಿತ್ತು. ‘ಕ್ಲಾಡೀನ್’ ಬೊಟ್ಟು ಮಾಡಿದ್ದು ಸರ್ಕಾರದ ನಿಯಮಗಳತ್ತ.

ಕ್ಯಾರಲ್ ಅಲಂಕಾರವನ್ನೆಲ್ಲ ಕಳಚಿಟ್ಟು ಈ ಪಾತ್ರ ಮಾಡಿದರು. ಆಸ್ಕರ್‌ನ ಶ್ರೇಷ್ಠ ನಟಿ ವಿಭಾಗಕ್ಕೆ ನಾಮಕರಣಗೊಂಡ ನಾಲ್ಕನೆಯ ಕಪ್ಪು ಮಹಿಳೆಯಾದರು. ಪ್ರಶಸ್ತಿ ಎಲೆನ್ ಬರ್ಸ್ಟಿನ್ ಅವರ ಪಾಲಾಯಿತು. ಮನೆಗೆಲಸದವಳಲ್ಲದ ಪಾತ್ರದಿಂದ ಇತಿಹಾಸ ಬರೆದ ನಟಿಗೆ ಅತ್ಯಂತ ದೊಡ್ಡ ಮನ್ನಣೆ ತಂದದ್ದು ಮನೆಗೆಲಸದವಳ ಪಾತ್ರ. ಆದರೆ ‘ಬ್ಯೂಲಾ’ಗೂ ‘ಕ್ಲಾಡೀನ್’ಗೂ ಅಜಗಜಾಂತರ. ಬ್ಯೂಲಾಳನ್ನು ಯಜಮಾನರ ಅಡುಗೆಮನೆಯಲ್ಲಿ ನೋಡುತ್ತಿದ್ದೆವು. ಕ್ಲಾಡೀನಳನ್ನು ಕ್ಯಾಮೆರಾ ಅವಳ ಸ್ವಂತ ಮನೆಯವರೆಗೆ ಹಿಂಬಾಲಿಸಿತು.

ಮುಂದಿನ ಹಾದಿಯಲ್ಲೂ ಅವರು ಬಾಗಿಲು ತಟ್ಟುವುದನ್ನು ಬಿಡಲಿಲ್ಲ. ಶ್ರೀಮಂತರ ಒಳಜಗಳವೇ ಬಂಡವಾಳವಾಗಿದ್ದ ‘ಡೈನಾಸ್ಟಿ’ ಧಾರಾವಾಹಿಯಲ್ಲಿ 1984ರಿಂದ 1987ರವರೆಗೆ ಡೊಮಿನಿಕ್ ಡೆವರೊ ಎಂಬ ಗರ್ವಿಷ್ಠೆಯ ಪಾತ್ರ ಮಾಡಿದರು. ಬಿಳಿಯ ನಟಿಯರು ಠೀವಿಯ ಖಳನಾಯಕಿಯರಾಗಬಹುದಾದರೆ ಕಪ್ಪು ನಟಿ ಏಕಾಗಬಾರದು ಎಂಬುದು ಅವರ ಹಟ. ಜೂಲಿಯಾ ಎಂಬ ಸದ್ಗುಣಿಯಿಂದ ಈ ಕುಟಿಲೆಯವರೆಗೆ ಬಂದದ್ದೂ ಸಮಾನತೆಯ ಒಂದು ಮೆಟ್ಟಿಲೇ. ಸದಾ ಒಳ್ಳೆಯವಳಾಗಿಯೇ ಇರಬೇಕಾದ ಒತ್ತಾಯದಿಂದ ಅದು ಬಿಡುಗಡೆ. 1995ರಲ್ಲಿ ಕೆನಡಾದ ಟೊರೊಂಟೊದಲ್ಲಿ ‘ಸನ್‌ಸೆಟ್ ಬುಲೆವಾರ್ಡ್’ ಸಂಗೀತ ನಾಟಕದ ನಾರ್ಮಾ ಡೆಸ್ಮಂಡ್ ಆಗಿ ಮತ್ತೆ ರಂಗದ ಮೇಲೆ ಹಾಡಿದರು. ತೊಂಬತ್ತರ ದಶಕದ ಕೊನೆಯಲ್ಲಿ ಸ್ತನ ಕ್ಯಾನ್ಸರ್ ಕಾಡಿದಾಗ ಅದನ್ನು ಮುಚ್ಚಿಡದೆ, ಇತರ ಮಹಿಳೆಯರ ತಿಳಿವಳಿಕೆಗಾಗಿ ಬಹಿರಂಗವಾಗಿ ಮಾತನಾಡಿದರು. ನಾಲ್ಕು ಮದುವೆಗಳ ಏಳುಬೀಳನ್ನೂ ಆತ್ಮಕಥೆಗಳಲ್ಲಿ ಮರೆಮಾಚಲಿಲ್ಲ.

2013ರ ಎಮಿ ಪ್ರಶಸ್ತಿ ಸಮಾರಂಭದಲ್ಲಿ 78 ವರ್ಷದ ಕ್ಯಾರಲ್ ಹೊಸ ಪೀಳಿಗೆಯ ನಟಿ ಕೆರಿ ವಾಷಿಂಗ್ಟನ್ ಅವರೊಂದಿಗೆ ವೇದಿಕೆಗೆ ಬಂದರು. ವಾಷಿಂಗ್ಟನ್ ಆ ವರ್ಷ ಗಂಭೀರ ಧಾರಾವಾಹಿಯ ಶ್ರೇಷ್ಠ ನಟಿ ವಿಭಾಗದಲ್ಲಿ ಸ್ಪರ್ಧೆಯಲ್ಲಿದ್ದರು. ಆ ಸಲ ಅವರಿಗೆ ಪ್ರಶಸ್ತಿ ಬರಲಿಲ್ಲ. ಅದೇ ವಿಭಾಗದಲ್ಲಿ ಮೊದಲ ಸಲ ಕಪ್ಪು ನಟಿಯೊಬ್ಬರು, ವಯೋಲಾ ಡೇವಿಸ್, ಗೆದ್ದದ್ದು 2015ರಲ್ಲಿ. ‘ಜೂಲಿಯಾ’ ಬಂದು ಅಷ್ಟರಲ್ಲಿ 47 ವರ್ಷಗಳಾಗಿದ್ದವು. ಅದನ್ನು ಕಣ್ಣಾರೆ ಕಂಡ ಕ್ಯಾರಲ್ 2019ರ ಅಕ್ಟೋಬರ್ 4ರಂದು, 84ನೆಯ ವಯಸ್ಸಿನಲ್ಲಿ ನಿಧನರಾದರು.

‘ಜೂಲಿಯಾ’ದ ಕಂತುಗಳನ್ನು ಇಂದು ನೋಡಿದರೆ ಕಥೆಗಳು ಸಪ್ಪೆ ಎನಿಸಬಹುದು, ನಗೆ ಹಳತೆನಿಸಬಹುದು. ಕಪ್ಪು ಹೆಂಗಸೊಬ್ಬಳು ಬೆಳಗ್ಗೆ ಎದ್ದು, ಮಗನಿಗೆ ತಿಂಡಿ ಕೊಟ್ಟು, ಬಿಳಿ ಸಮವಸ್ತ್ರ ತೊಟ್ಟು ಕೆಲಸಕ್ಕೆ ಹೋಗುವುದರಲ್ಲಿ ಅಂಥದ್ದೇನಿದೆ ಎಂದು ಕೇಳಬೇಕೆನಿಸಬಹುದು. 1968ಕ್ಕೆ ಮೊದಲು ಆ ಪ್ರಶ್ನೆಯನ್ನು ಯಾರೂ ಕೇಳುವಂತಿರಲಿಲ್ಲ.